ನಾಲ್ಕು ಸಾವಿರ ವರ್ಷದ ಅಮ್ಮಿಕಲ್ಲು

ಹಾಳುಬಿದ್ದ ಊರುಗಳನ್ನು ನೋಡಲು ದುಡ್ಡು ಕೊಟ್ಟು ಹೋಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇವನಿಗೆ ಎಂಥ ಹುಚ್ಚು ಅಂತ ಯಾರೂ ಕೇಳುವುದು ಬೇಡ. ಹೋಗುತ್ತಾರೆ, ಮುರಿದ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಛೆ ಇಲ್ಲಿ ಯಾರಿದ್ದರೋ ಏನೋ ಅನ್ನುತ್ತಾರೆ, ಚಿಪ್ಸಿನ ಪೊಟ್ಟಣ ಅಲ್ಲೇ ಬಿಸಾಡಿ ಬರುತ್ತಾರೆ. ಯಾರಿದ್ದರು ಅಂತ ನಿಜವಾಗಿ ತಿಳಿದುಕೊಳ್ಳುವುದು ಯಾರಿಗೂ ಬೇಕಿಲ್ಲ. ಅಲ್ಲಿ ನನ್ನ ಉಮ್ಮ ಇದ್ದಳು. ಇದ್ದಳು ಅಂತ ಹೇಳಬೇಕಾದ ದಿನ, ಹೇಳಬೇಕಾದ ಜಾಗದಲ್ಲಿ ನಾನು ಜಾಣನ ಹಾಗೆ ಜಾರಿಕೊಂಡೆ. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಉಮ್ಮನ ಹೆಸರು ಬೀಫಾತಿಮಾ. ಉಪ್ಪಿನಂಗಡಿ ಕಡೆಯವಳು. 1981ರಲ್ಲಿ, ಇಪ್ಪತ್ತು ತುಂಬುವ ಮೊದಲೇ, ಬೊಂಬಾಯಿಯಲ್ಲಿ ಹಡಗು ಹತ್ತಿ ಕುವೈತಿಗೆ ಬಂದಳು. ನನ್ನ ಬಾಪ ಮುತ್ತಲಿಬ್ ಅದಕ್ಕೂ ಮೂರು ವರ್ಷ ಮೊದಲೇ ಬಂದು ಫೈಲಕಾ ದ್ವೀಪದಲ್ಲಿ ಒಂದು ಬಕಾಲ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ದಿನಸಿ ಅಂಗಡಿ ಅನ್ನುವುದಕ್ಕೆ ಇಲ್ಲಿ ಬಕಾಲ ಅನ್ನುತ್ತಾರೆ. ಹಡಗಿನಿಂದ ಉಮ್ಮ ಇಳಿಸಿದ ಹಾಸಿಗೆಯ ಸುರುಳಿಯನ್ನು ಎತ್ತಲು ಹೋದ ಬಾಪನಿಗೆ ಸೊಂಟ ಹಿಡಿಯಿತಂತೆ. ಒಳಗೆ ಗೋಣಿಯಲ್ಲಿ ಸುತ್ತಿದ ಅಮ್ಮಿಕಲ್ಲು ಇತ್ತು. ಮೆಣಸು, ತೆಂಗಿನಕಾಯಿ ಅರೆಯುವ ಅಗಲದ ಕಪ್ಪುಕಲ್ಲು, ಜೊತೆಗೆ ಅದರ ಗುಂಡು. ಜನ ಉಪ್ಪಿನಕಾಯಿ ತರುತ್ತಾರೆ, ಒಣಮೀನು ತರುತ್ತಾರೆ, ಕಲ್ಲು ಹೊತ್ತುಕೊಂಡು ಬಂದವಳು ನೀನೊಬ್ಬಳೇ ಅಂತ ಬಾಪ ಬಂದರಿನಲ್ಲೇ ತಲೆ ಚಚ್ಚಿಕೊಂಡರಂತೆ. ಈ ಊರಿನಲ್ಲಿ ಮರಳು ಬಿಟ್ಟರೆ ಬೇರೆ ಎಂತ ಉಂಟು, ಮರಳಿನಲ್ಲಿ ಮೆಣಸು ಅರೆಯಲಿಕ್ಕೆ ಆಗ್ತದಾ ಅಂತ ಉಮ್ಮ ಕೇಳಿದಳಂತೆ. ಆ ದಿನದಿಂದ ಅವರಿಬ್ಬರ ಜಗಳ ನಿಂತದ್ದಿಲ್ಲ.

ಉಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಮೀನಿನವನು ಹಳತು ಕೊಟ್ಟರೆ ಅವನ ದೋಣಿಯ ತನಕ ಹೋಗಿ ಬೈದು ಬರುವವಳು. ಆದರೆ ಹಸಿದವನನ್ನು ಕಂಡರೆ ತಡೆಯುತ್ತಿರಲಿಲ್ಲ. ದ್ವೀಪದಲ್ಲಿ ರಸ್ತೆ ಗುಡಿಸುವವರು, ಕರೆಂಟಿನ ಕೆಲಸದವರು, ದೋಣಿ ರಿಪೇರಿಯವರು ಅಂತ ನಮ್ಮ ಕಡೆಯ ಜನ ಇಪ್ಪತ್ತರಷ್ಟಿದ್ದರು. ಎಲ್ಲರೂ ಖುಬೂಸು ರೊಟ್ಟಿ, ಮೊಸರು ತಿಂದು ನಾಲಿಗೆ ಸತ್ತವರು. ಒಂದು ದಿನ ಅವಳು ಬಂಗುಡೆ ಸಾರು ಮಾಡಿದಾಗ ಅದರ ಪರಿಮಳಕ್ಕೆ ಇಬ್ಬರು ಬಾಗಿಲಿಗೆ ಬಂದು ನಿಂತರಂತೆ. ಮರುದಿನ ಆರು ಜನ. ಆರು ತಿಂಗಳಲ್ಲಿ ನಮ್ಮ ಅಡಿಗೆಮನೆಯ ಕಿಟಕಿ ಅಷ್ಟೂ ಜನರ ಮೆಸ್ ಆಯಿತು. ಅದಕ್ಕೆ ಪರವಾನಗಿ ಇರಲಿಲ್ಲ. ಬಾಪನ ವೀಸಾ ಒಬ್ಬ ಕಫೀಲನದ್ದು, ಅಂದರೆ ವೀಸಾ ಕೊಡಿಸಿದ ಅರಬ್ಬಿ ಯಜಮಾನನದ್ದು, ಅವರು ನಡೆಸುವ ಅಂಗಡಿ ಇನ್ನೊಬ್ಬನದ್ದು, ಅದೇ ತಪ್ಪು. ಅದರ ಮೇಲೆ ಈ ಮೆಸ್. ಬಾಪ ದಿನಾ ಹೆದರಿ ಸಾಯುತ್ತಿದ್ದರು. ಉಮ್ಮ ದಿನಾ ಅರೆಯುತ್ತಿದ್ದಳು. ಪಕ್ಕದ ಮನೆಯ ಕುವೈತಿ ಹೆಂಗಸು ಬೀಬಿ ಕೂಡ ಬಟ್ಟಲು ಹಿಡಿದು ಬರುತ್ತಿದ್ದಳು. ಅವಳ ಜೊತೆ ಕೂತು ಮಾತಾಡಿ ಮಾತಾಡಿ ಉಮ್ಮನಿಗೆ ದ್ವೀಪದವರ ಅರಬ್ಬಿ ನೀರು ಕುಡಿದ ಹಾಗೆ ಬಂತು.

ಅಮ್ಮಿಕಲ್ಲು ಸವೆದು ನುಣುಪಾದರೆ ಮಸಾಲೆ ಜಾರುತ್ತದೆ, ಅರೆಯುವುದಿಲ್ಲ. ಊರಿನಲ್ಲಾದರೆ ಉಳಿ ಸುತ್ತಿಗೆ ಹಿಡಿದು ಮನೆಮನೆಗೆ ಬರುವವರು ಕುಟ್ಟಿ ಒರಟು ಮಾಡಿಕೊಡುತ್ತಾರೆ. ಫೈಲಕಾದಲ್ಲಿ ಯಾರಿದ್ದಾರೆ? ಬಾಪ ಅಂಗಡಿಯಿಂದ ಆರಿಂಚಿನ ಮೊಳೆ ತಂದು, ಅಂಗಳದಲ್ಲಿ ಕೂತು, ಇಡೀ ಮಧ್ಯಾಹ್ನ ಕುಟ್ಟುತ್ತಿದ್ದರು. ಒಂದು ಗುಂಡಿ ಆಳ, ಒಂದು ತೇಲ, ಒಂದು ಸಾಲು ಮೇಲೆ ಹೋದರೆ ಇನ್ನೊಂದು ಕೆಳಗೆ. ಕೋಳಿ ಕೆದಕಿದ ಹಾಗಿದೆ ಅಂತ ಉಮ್ಮ ಬೈಯುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಕಲ್ಲಿನ ಪುಡಿಯನ್ನು ಊದುತ್ತಿದ್ದೆ.

ಆಮೇಲೆ 1990ರ ಆಗಸ್ಟು ಬಂತು. ಇರಾಕಿನ ಸೈನಿಕರು ದ್ವೀಪಕ್ಕೂ ಇಳಿದರು. ಕೆಲವು ವಾರಗಳಲ್ಲಿ ಎಲ್ಲರನ್ನೂ ಮನೆಗಳಿಂದ ಹೊರಡಿಸಿದರು. ಉಮ್ಮ ಗುಂಡನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿದ್ದಳು, ಬಾಪ ಅದನ್ನು ತೆಗೆದು ಅಂಗಳಕ್ಕೆ ಎಸೆದರು. ನನಗೆ ಆಗ ಆರು ವರ್ಷ. ಬಸರಾ, ಬಗ್ದಾದ್, ಅಮ್ಮಾನ್ ಅಂತ ಅಲೆದು ನಾವು ಊರು ಮುಟ್ಟಿದೆವು. ಯುದ್ಧ ಮುಗಿದ ಮೇಲೂ ಫೈಲಕಾಕ್ಕೆ ಜನ ಹಿಂದೆ ಹೋಗಲಿಲ್ಲ. ನೆಲದ ತುಂಬ ಹೂತಿಟ್ಟ ಮೈನು ಬಾಂಬು, ಗೋಡೆಗಳ ತುಂಬ ಗುಂಡಿನ ತೂತು. ಬಾಪ 1992ರಲ್ಲಿ ಮತ್ತೆ ಕುವೈತಿಗೆ ಬಂದು ಒಂದು ಆಫೀಸಿನಲ್ಲಿ ಚಹಾ ಮಾಡುವ ಕೆಲಸಕ್ಕೆ ಸೇರಿದರು. ಮೂರು ವರ್ಷ ಬಿಟ್ಟು ನಮ್ಮನ್ನೂ ಕರೆಸಿಕೊಂಡರು. ಮೈದಾನ್ ಹವಲ್ಲಿಯ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಉಮ್ಮನಿಗೆ ಒಂದು ಮಿಕ್ಸಿ ಸಿಕ್ಕಿತು. ಹದಿನೈದು ವರ್ಷ ಅದನ್ನು ಅವಳು ಒಳ್ಳೆಯ ಮಾತಿನಲ್ಲಿ ಕರೆದದ್ದಿಲ್ಲ. ಇದು ಅರೆಯುವುದಲ್ಲ, ಕೊಚ್ಚುವುದು ಅನ್ನುತ್ತಿದ್ದಳು. ಸಾರು ಕೆಟ್ಟ ದಿನವೆಲ್ಲ ಫೈಲಕಾದ ಕಲ್ಲಿನ ಸುದ್ದಿ ಬರುತ್ತಿತ್ತು, ಜೊತೆಗೆ ಗುಂಡನ್ನು ಎಸೆದ ಗಂಡನ ಸುದ್ದಿಯೂ.

ಇನ್ನು ಬೆಟ್ಟಯ್ಯನವರ ವಿಷಯ. ನಾನು ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದ ಕಟ್ಟಡದ ಕಂಪನಿಯಲ್ಲಿ ಅವರು ನನ್ನ ಮೇಲಿನ ಇಂಜಿನಿಯರ್. ಕೊಡಗಿನವರು. ಗುಡ್ಡವೇ ಇಲ್ಲದ ದೇಶದಲ್ಲಿ ಉಸಿರು ಕಟ್ಟುತ್ತದೆ ಅನ್ನುತ್ತಿದ್ದರು. ರಜೆ ಸಿಕ್ಕಿದರೆ ಸಾಕು, ಒಮಾನಿನ ಜಬಲ್ ಅಖ್ದರ್, ಜೋರ್ಡಾನಿನ ಪೆಟ್ರಾ, ಯೆಮನಿನ ಬೆಟ್ಟದ ತುದಿಯ ಹಳ್ಳಿಗಳು ಅಂತ ಹೆಂಡತಿ ಕಾವೇರಮ್ಮನವರ ಜೊತೆ ಹೊರಟುಬಿಡುತ್ತಿದ್ದರು. ಬಂದ ಮೇಲೆ ಊಟದ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಮುನ್ನೂರು ಫೋಟೋ. ಬಂಡೆಯಲ್ಲಿ ಕೊರೆದ ಅರಮನೆ, ಅದರ ಮುಂದೆ ಬೆಟ್ಟಯ್ಯ. ಮಣ್ಣಿನ ಕೋಟೆ, ಅದರ ಮುಂದೆ ಬೆಟ್ಟಯ್ಯ. ನಾವು ತಣ್ಣಗಾದ ಅನ್ನ ತಿನ್ನುತ್ತ ವಾ ಸರ್ ಅನ್ನುತ್ತಿದ್ದೆವು. ಅವರು ಕೆಟ್ಟವರಲ್ಲ. ನನ್ನ ಬಡ್ತಿಯ ಕಾಗದಕ್ಕೆ ಸಹಿ ಹಾಕಬೇಕಾದವರೂ ಅವರೇ.

2010ರ ಫೆಬ್ರವರಿಯ ರಾಷ್ಟ್ರೀಯ ದಿನದ ರಜೆಗೆ ಅವರು ಫೈಲಕಾಕ್ಕೆ ಹೊರಟರು. ಅಲ್ಲಿ ಗ್ರೀಕರ ಕಾಲದ ಕೋಟೆ ಇದೆಯಂತೆ, ಅದಕ್ಕೂ ಹಿಂದಿನ ಡಿಲ್ಮುನ್ ಕಾಲದ ಊರಿದೆಯಂತೆ ಅಂತ ನನಗೇ ಪಾಠ ಹೇಳಿದರು. ನಾನು ಬಾಪನಿಗೆ ಆ ಜಾಗ ಸ್ವಲ್ಪ ಗೊತ್ತು ಸರ್ ಅಂದೆ, ಅಷ್ಟೇ ಅಂದೆ. ನನ್ನ ಉಮ್ಮ ಅಲ್ಲಿ ರಸ್ತೆ ಗುಡಿಸುವವರಿಗೆ ಅನ್ನ ಹಾಕುತ್ತಿದ್ದಳು ಅಂತ ಹೇಳಲು ನನಗೆ ನಾಚಿಕೆಯಾಯಿತು. ಹೌದು, ನಾಚಿಕೆ. ಅಪ್ಪ ಅಮ್ಮನ್ನೂ ಕರ್ಕೊಂಡು ಬಾರಯ್ಯ ಅಂದರು ಬೆಟ್ಟಯ್ಯ. ಬಾಪ ಬೇಡವೆಂದರು. ಉಮ್ಮ ಹಿಂದಿನ ದಿನವೇ ಬುರ್ಖಾ ಇಸ್ತ್ರಿ ಮಾಡಿಟ್ಟಿದ್ದಳು. ಅವಳ ಹಠಕ್ಕೆ ಬಾಪನೂ ಹೊರಟರು.

ಸಾಲ್ಮಿಯಾದಿಂದ ದೋಣಿ ಹತ್ತಿ ಹೋದೆವು. ಗೈಡ್ ಮೊದಲು ಗ್ರೀಕರ ಕಲ್ಲುಗಳನ್ನು ತೋರಿಸಿದ. ಮೊಣಕಾಲೆತ್ತರದ ಗೋಡೆಗಳು, ಕಂಬದ ಬುಡಗಳು. ಬೆಟ್ಟಯ್ಯನವರು ಒಂದೊಂದಕ್ಕೂ ಬಗ್ಗಿ ಫೋಟೋ ತೆಗೆದರು. ಆಮೇಲೆ ಹಳೆಯ ಊರಿನೊಳಗೆ ಕರೆದುಕೊಂಡು ಹೋದ. ಅಲ್ಲಿ ಗೈಡಿಗೆ ಹೇಳಲು ಏನೂ ಇರಲಿಲ್ಲ. ಇದು ಯುದ್ಧದಲ್ಲಿ ಹಾಳಾದದ್ದು, ಫೋಟೋ ಬೇಕಾದರೆ ತೆಗೆಯಿರಿ ಅಂದ. ಉಮ್ಮ ಒಂದೊಂದು ಬಾಗಿಲಿನ ಮುಂದೆ ನಿಂತು ಇದು ಬೀಬಿಯ ಮನೆ, ಇದು ಶಾಲೆಗೆ ಹೋಗುವ ದಾರಿ ಅಂತ ಸಣ್ಣ ಧ್ವನಿಯಲ್ಲಿ ಹೇಳುತ್ತಿದ್ದಳು. ನಮ್ಮ ಮನೆ ಇದ್ದ ಕಡೆ ಸೂರು ಕುಸಿದು ರಾಶಿ ಬಿದ್ದಿತ್ತು. ಯಾರೋ ಅಪರಿಚಿತರು ಅದರ ಮೇಲೆ ಹತ್ತಿ ಎರಡು ಬೆರಳು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಉಮ್ಮ ಇಳಿಯಿರಿ ಅಂದಳು. ಅವರಿಗೆ ಕೇಳಿಸಲಿಲ್ಲ, ನಾನು ಕೇಳಿಸದವನ ಹಾಗೆ ನಡೆದೆ.

ಕೊನೆಗೆ ಊಟದ ಕ್ಯಾಂಪು. ಅದು ಒಬ್ಬ ಖಾಸಗಿಯವನು ನಡೆಸುತ್ತಿದ್ದ ಜಾಗ. ಉಳಿದಿದ್ದ ಒಂದು ಮನೆಯನ್ನು ರಿಪೇರಿ ಮಾಡಿ, ಒಂದು ಕೋಣೆಯಲ್ಲಿ ಹಳೆಯ ಮಡಕೆ, ಮೀನಿನ ಬಲೆ, ನಾಣ್ಯ ಇಟ್ಟಿದ್ದ. ಆ ಕೋಣೆಯ ನಡುವೆ, ಕೆಂಪು ಹಗ್ಗದ ಆಚೆ, ಮರದ ಪೀಠದ ಮೇಲೆ, ಹಳದಿ ದೀಪದ ಕೆಳಗೆ ನಮ್ಮ ಅಮ್ಮಿಕಲ್ಲು ಕೂತಿತ್ತು. ಗುಂಡು ಇರಲಿಲ್ಲ. ಕೆಳಗಿನ ಚೀಟಿಯಲ್ಲಿ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಬರೆದಿತ್ತು: ಡಿಲ್ಮುನ್ ಕಾಲದ ಬೀಸುಕಲ್ಲು, ಸುಮಾರು ನಾಲ್ಕು ಸಾವಿರ ವರ್ಷ ಹಳೆಯದು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಇದನ್ನು ನಾನು ಸಾವಿರ ಸಲ ಬರೆಯಬಲ್ಲೆ: ನೋಡಿದ ಕೂಡಲೇ ಗೊತ್ತಾಯಿತು.

ಗೈಡ್ ಇಂಗ್ಲಿಷಿನಲ್ಲಿ ವಿವರಿಸಿದ. ಈ ಗುಂಡಿಗಳನ್ನು ನೋಡಿ, ಒಂದೂ ನೇರ ಸಾಲಿನಲ್ಲಿಲ್ಲ, ಕಬ್ಬಿಣವನ್ನೇ ಕಾಣದ ಆದಿಮಾನವ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮಾಡಿದ್ದಕ್ಕೆ ಇದೇ ಸಾಕ್ಷಿ ಅಂದ. ಎಲ್ಲರೂ ವಾ ಅಂದರು. ಆದಿಮಾನವ ನನ್ನ ಹಿಂದೆ ಬಿಳಿ ಟೊಪ್ಪಿ ಹಾಕಿಕೊಂಡು ತಸ್ಬೀಹ್ ಮಣಿ ಎಣಿಸುತ್ತ ನಿಂತಿದ್ದರು. ಉಮ್ಮನಿಗೆ ಮೊದಲು ನಗೆ ಬಂತು. ಓ ಇವರೇ, ನಿಮ್ಮ ಮೊಳೆಯ ಕೆಲಸಕ್ಕೆ ದೀಪ ಹಾಕಿದ್ದಾರೆ ನೋಡಿ ಅಂದಳು. ಆಮೇಲೆ ಹಗ್ಗದ ಕೆಳಗೆ ನುಗ್ಗಿ ಕಲ್ಲಿನ ಮೇಲೆ ಅಂಗೈ ಇಟ್ಟಳು. ಗೈಡ್ ಓಡಿ ಬಂದು ಮುಟ್ಟಬಾರದು ಮೇಡಂ ಅಂದ. ಅಲ್ಲಿಗೆ ಅವಳ ನಗೆ ಮುಗಿಯಿತು.

ಅವಳು ದ್ವೀಪದ ಅರಬ್ಬಿಯಲ್ಲಿ ಶುರುಮಾಡಿದಳು. ಇದು ನನ್ನದು, ನಾನು ಹಡಗಿನಲ್ಲಿ ತಂದದ್ದು, ಎಡಬದಿ ಹೆಚ್ಚು ಸವೆದದ್ದು ಯಾಕೆಂದರೆ ನಾನು ಎಡಗೈಯವಳು, ಈ ಮೂಲೆ ಒಡೆದದ್ದು ದೋಣಿಯಿಂದ ಇಳಿಸುವಾಗ. ಗೈಡ್ ಬೆಪ್ಪಾದ. ಜನ ಸುತ್ತ ಸೇರಿದರು. ಕಾವೇರಮ್ಮನವರು ಏನಾಯ್ತು ಅಂತ ನನ್ನನ್ನು ಕೇಳಿದರು, ನಾನು ಏನಿಲ್ಲ ಅಂದೆ. ಬೆಟ್ಟಯ್ಯನವರು ಉಮ್ಮನನ್ನೂ ಕಲ್ಲನ್ನೂ ಸೇರಿಸಿ ಒಂದು ಫೋಟೋ ತೆಗೆದರು.

ಗಲಾಟೆ ಕೇಳಿ ಕ್ಯಾಂಪಿನ ಯಜಮಾನ ಬಂದ. ಬು ಸಾಲಿಂ ಅಂತ ಕರೆಯುತ್ತಿದ್ದರು, ಅರವತ್ತು ದಾಟಿದವನು, ಅವನೂ ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದವನು. ಉಮ್ಮನ ಅರಬ್ಬಿ ಕೇಳಿಯೇ ಅವನ ಮುಖ ಮೆತ್ತಗಾಯಿತು. ಕುರ್ಚಿ ತರಿಸಿದ. ಮಗನ ಹೆಸರೇನು ಅಂತ ಕೇಳಿ, ಅವರ ಪದ್ಧತಿಯಂತೆ ಉಮ್ ಝಹೀರ್, ಅಂದರೆ ಝಹೀರನ ತಾಯಿ, ಅಂತಲೇ ಮಾತಾಡಿಸಿದ. ಕುಸಿದ ಮನೆಯೊಂದರ ಹಿಂದೆ ಮಣ್ಣು ತೆಗೆಯುವಾಗ ಕೆಲಸದವರಿಗೆ ಇದು ಸಿಕ್ಕಿತು, ಯಾರೋ ಹಳೆಯದು ಅಂದರು, ನಾನೂ ಚೀಟಿ ಹಚ್ಚಿಸಿದೆ ಅಂತ ಒಪ್ಪಿಕೊಂಡ. ನೀವು ಇಲ್ಲಿದ್ದದ್ದಕ್ಕೆ ಕಾಗದ ಏನಾದರೂ ಇದೆಯೇ ಅಂತ ಕೇಳಿದ. ಓಡಿಸಿದಾಗ ಕಾಗದ ಎತ್ತಿಕೊಳ್ಳಲು ಯಾರು ಬಿಟ್ಟರು ಅಂತ ಉಮ್ಮ ಮರುಪ್ರಶ್ನೆ ಹಾಕಿದಳು.

ಬು ಸಾಲಿಂ ಗಡ್ಡ ನೀವಿಕೊಂಡ. "ಉಮ್ ಝಹೀರ್, ಇದು ಕೋರ್ಟಲ್ಲ. ನಮ್ಮ ಹಿರಿಯರ ಕಾಲದಲ್ಲಿ ದ್ವೀಪದಲ್ಲಿ ಇಬ್ಬರು ಗಂಡಸರ ಮಾತು ಸಾಕಿತ್ತು. ನಿಮ್ಮ ಯಜಮಾನರು, ನಿಮ್ಮ ಮಗ, ಇಬ್ಬರೂ ಅಲ್ಲಾಹನ ಮೇಲೆ ಆಣೆಯಿಟ್ಟು, ವಲ್ಲಾಹಿ ಇದು ಇವಳದ್ದು ಅನ್ನಲಿ. ಕಲ್ಲನ್ನು ನಾನೇ ದೋಣಿಗೆ ಹತ್ತಿಸುತ್ತೇನೆ."

ಉಮ್ಮ ತನ್ನ ಎದೆಯ ಮೇಲೆ ಕೈಯಿಟ್ಟು ತಾನೇ ಮೊದಲು ವಲ್ಲಾಹಿ ಅಂದಳು. ಆಮೇಲೆ ನಮ್ಮ ಕಡೆ ತಿರುಗಿದಳು. ಅವಳ ಮುಖದಲ್ಲಿ ಒಂದು ಚೂರು ಅನುಮಾನವೂ ಇರಲಿಲ್ಲ. ಕೆಲಸ ಮುಗಿಯಿತು, ಎತ್ತಿಕೊಂಡು ಹೊರಡುವುದಷ್ಟೇ ಬಾಕಿ ಅನ್ನುವವಳ ಹಾಗೆ ಬುರ್ಖಾದ ತೋಳನ್ನು ಮೇಲೆ ಸರಿಸಿಕೊಂಡಳು.

ಬು ಸಾಲಿಂ ಬಾಪನನ್ನು ಬರೇ ವಿಶ್ವಾಸಕ್ಕೆ ಕೇಳಿದ, ಯಾರ ಬಕಾಲದಲ್ಲಿದ್ದಿರಿ, ಯಾರ ವೀಸಾದಲ್ಲಿದ್ದಿರಿ ಅಂತ. ಅಷ್ಟು ಸಾಕಾಯಿತು. ಬಾಪನ ಮುಖ ಸುಣ್ಣ ಬಳಿದ ಹಾಗಾಯಿತು. ಇಪ್ಪತ್ತು ವರ್ಷ ಕಳೆದಿತ್ತು, ಆ ಕಫೀಲ ಸತ್ತು ಮಣ್ಣಾಗಿದ್ದ, ಅಂಗಡಿ ನೆಲಸಮವಾಗಿತ್ತು. ಆದರೂ ಮುಂದಿನ ತಿಂಗಳು ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಹೊಸದು ಮಾಡಿಸಬೇಕಾದ ಮನುಷ್ಯನಿಗೆ ಆ ಹಳೆಯ ತಪ್ಪು ನಿನ್ನೆ ಮಾಡಿದ ತಪ್ಪಾಗಿಯೇ ಕಂಡಿತು. ಗಲ್ಫಿನಲ್ಲಿ ಮೂವತ್ತು ವರ್ಷ ಅವರು ಬದುಕಿದ್ದೇ ಒಂದು ಪಾಠದ ಮೇಲೆ: ಯಾವುದಕ್ಕೂ ಸಾಕ್ಷಿ ನಿಲ್ಲಬಾರದು, ಯಾವುದರಲ್ಲೂ ಹೆಸರು ಬರಬಾರದು. ಅವರು ತಸ್ಬೀಹನ್ನು ಜೇಬಿಗೆ ಹಾಕಿದರು. "ಕಲ್ಲೆಲ್ಲ ಒಂದೇ ಥರ ಇರ್ತದೆ. ಒಂದು ಕಲ್ಲಿಗೋಸ್ಕರ ಅಲ್ಲಾಹನ ಹೆಸರು ಎತ್ತುವುದು ಸರಿಯಲ್ಲ," ಅಂದರು.

ಉಮ್ಮ ಅವರಿಂದ ಮುಖ ತಿರುಗಿಸಿದಳು. ನನ್ನನ್ನು ನೋಡಿದಳು.

ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಏನಿತ್ತು ಅಂತ ಹೇಳುತ್ತೇನೆ. ಕಲ್ಲಿನ ಪುಡಿ ಊದುತ್ತಿದ್ದದ್ದು ನೆನಪಿತ್ತು. ಗುಂಡಿ ಎಲ್ಲಿ ಆಳ, ಎಲ್ಲಿ ತೇಲ ಅಂತ ಕಣ್ಣು ಮುಚ್ಚಿಯೂ ಹೇಳಬಲ್ಲವನಾಗಿದ್ದೆ. ಜೊತೆಗೆ ಬೆಟ್ಟಯ್ಯನವರು ಕ್ಯಾಮೆರಾ ಹಿಡಿದು ನಗುತ್ತಿದ್ದದ್ದೂ ಕಾಣುತ್ತಿತ್ತು. ನಾಳೆ ಆಫೀಸಿನಲ್ಲಿ ಊಟದ ಹೊತ್ತಿಗೆ ಮುನ್ನೂರು ಫೋಟೋಗಳ ನಡುವೆ, ಮ್ಯೂಸಿಯಮ್ಮಿನ ಕಲ್ಲಿಗೆ ಜಗಳ ಕಾಯುವ ನನ್ನ ಉಮ್ಮ. ಜುಜುಬಿ ಒಂದು ಬಡ್ತಿ, ಜುಜುಬಿ ಒಂದು ಮಾನ. ಹೆದರಿಕೆ ಅಂತ ಹೇಳಿದ್ದರೆ ಕೂಡ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ನಾನು ಧರ್ಮವನ್ನು ಅಡ್ಡ ಹಿಡಿದೆ. ಐದು ಹೊತ್ತು ನಮಾಝು ಮಾಡುವ ಹುಡುಗ, ಗೊತ್ತಿಲ್ಲದ್ದಕ್ಕೆ ಆಣೆ ಹಾಕುವುದು ಎಷ್ಟು ದೊಡ್ಡ ಪಾಪ ಅಂತ ಓದಿಕೊಂಡವನು.

"ನಾನು ಆಗ ಸಣ್ಣವನು. ನನಗೆ ನೆನಪಿಲ್ಲ. ನೆನಪಿಲ್ಲದ್ದಕ್ಕೆ ವಲ್ಲಾಹಿ ಅನ್ನಲಿಕ್ಕೆ ಆಗುವುದಿಲ್ಲ," ಅಂದೆ.

ಬು ಸಾಲಿಂ ತಲೆಯಾಡಿಸಿದ. ಒಳ್ಳೆಯ ಮಗ, ದೇವರಿಗೆ ಹೆದರುವವನು ಅಂತ ನನ್ನ ಬೆನ್ನು ತಟ್ಟಿದ. ಉಮ್ಮನಿಗೆ ಬೇಸರ ಮಾಡಬೇಡಿ, ವಯಸ್ಸಾದಂತೆ ನೆನಪು ಕಲಸಿಹೋಗುತ್ತದೆ, ಎಲ್ಲರಿಗೂ ಆಗುತ್ತದೆ ಅಂತ ಸಮಾಧಾನ ಹೇಳಿದ. ಅವಳಿಗೆ ಆಗ ನಲವತ್ತೆಂಟು. ಗೈಡ್ ಕೆಂಪು ಹಗ್ಗವನ್ನು ಮತ್ತೆ ಕಟ್ಟಿದ. ಊಟಕ್ಕೆ ಮಚ್ಬೂಸ್, ಅವರ ಮಾಂಸದನ್ನ, ಇತ್ತು, ಉಮ್ಮ ತಟ್ಟೆ ಮುಟ್ಟಲಿಲ್ಲ.

ಹಿಂದೆ ಬರುವಾಗ ದೋಣಿಯಲ್ಲಿ ಬೆಟ್ಟಯ್ಯನವರು ನನ್ನ ಪಕ್ಕ ಕೂತರು. ವಯಸ್ಸಾದವರನ್ನು ಹೊರಗೆ ಕರ್ಕೊಂಡು ಬಂದ್ರೆ ಹೀಗೇ, ಆದ್ರೂ ಚೆನ್ನಾಗಿ ಮ್ಯಾನೇಜ್ ಮಾಡ್ದೆ ಕಣಯ್ಯ ಅಂದರು. ಥ್ಯಾಂಕ್ಸ್ ಸರ್ ಅಂದೆ. ಅಂದವನ ನಾಲಿಗೆಗೆ ಬರೆ ಹಾಕಬೇಕು. ಎದುರಿನ ಬೆಂಚಿನಲ್ಲಿ ಉಮ್ಮ ಕಡಲಿನ ಕಡೆ ಮುಖ ಮಾಡಿ ಕೂತಿದ್ದಳು, ಬಾಪ ಅವಳಿಂದ ಮೂರು ಸೀಟು ಆಚೆ. ಇಪ್ಪತ್ತೊಂಬತ್ತು ವರ್ಷ ಬೈದುಕೊಂಡೇ ಬದುಕಿದವಳು ಆ ದಿನ ಯಾರಿಗೂ ಬೈಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅವಳನ್ನು ಸಮಾಧಾನ ಮಾಡಲು ಹೋದೆ. ಕಾರ್ಕಳದಲ್ಲಿ ಒಳ್ಳೆಯ ಕಲ್ಲು ಸಿಗುತ್ತದೆ, ಕಾರ್ಗೋದಲ್ಲಿ ಹೊಸ ಅಮ್ಮಿಕಲ್ಲೇ ತರಿಸುತ್ತೇನೆ ಅಂದೆ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. ನನ್ನ ಮಾತು ಮುಗಿಯುವ ತನಕ ಕಾದು, ನಿನ್ನ ಪಾಸ್‌ಪೋರ್ಟ್ ತಾ ಅಂದಳು. ಯಾಕೆ ಅಂತ ಕೇಳುವ ಧೈರ್ಯ ಬರಲಿಲ್ಲ. ಕಪಾಟಿನಿಂದ ತಂದು ಕೊಟ್ಟೆ. ಅವಳಿಗೆ ಇಂಗ್ಲಿಷ್ ಬಾರದು. ಪುಟ ತೆರೆದು ನನಗೇ ಹಿಂದೆ ಚಾಚಿದಳು.

"ಹುಟ್ಟಿದ ಊರು ಅಂತ ಒಂದು ಬರೆದಿರ್ತಾರಲ್ಲ, ಅದು ಓದು."

"ಫೈಲಕಾ," ಅಂತ ಓದಿದೆ. ಸೋಫಾದಲ್ಲಿದ್ದ ಬಾಪ ಪೇಪರು ಕೆಳಗಿಟ್ಟರು.

"ನಿನ್ನೆ ಆ ಮನುಷ್ಯ ಕಾಗದ ಉಂಟಾ ಅಂತ ಕೇಳುವಾಗ ಇದೆಲ್ಲಿತ್ತು?"

"ಮನೆಯಲ್ಲಿತ್ತು ಉಮ್ಮ."

"ನಿನ್ನ ಬಾಯಿ ಎಲ್ಲಿತ್ತು?"

ಅವಳು ಮಡಚಿದ ಬಟ್ಟೆಯನ್ನು ಪಕ್ಕಕ್ಕೆ ಇಟ್ಟಳು. ಅವಳ ಧ್ವನಿ ಏರಲಿಲ್ಲ.

"ಫೈಲಕಾದಲ್ಲಿ ಹುಟ್ಟಿದ್ದು ನಿನಗೆ ನೆನಪುಂಟಾ?"

"ಇಲ್ಲ."

"ಹಾಗಾದರೆ ನಾಳೆ ಯಾರಾದರೂ ಬಂದು, ಇವಳು ನಿನ್ನ ಉಮ್ಮ ಹೌದಾ, ವಲ್ಲಾಹಿ ಹೇಳು ಅಂದರೆ, ನೀನು ಎಂತ ಹೇಳ್ತಿ?"

ಅವಳು ಉತ್ತರಕ್ಕೆ ಕಾದಳು. ನಿಜವಾಗಿಯೇ ಕಾದಳು.